ಒಳಗೆ ಮೀಸಲು, ಮೇಲೆ ಹಿಟ್ಟು

ಬೆಳಿಗ್ಗೆ ಬೆಣ್ಣೆ ಕಾಯಿಸುತ್ತಿದ್ದೆ. ತುಪ್ಪ ಹದಕ್ಕೆ ಬಂದು ವೀಳ್ಯದೆಲೆ ಚಟಪಟ ಎನ್ನುವ ಹೊತ್ತಿಗೆ, ನಡುಮನೆಯಲ್ಲಿ ಸೊಸೆ ಬ್ಯಾಂಕಿನ ಪರೀಕ್ಷೆಗೆಂದು ಬಾಯಿಪಾಠ ಮಾಡುವುದು ಕೇಳಿಸಿತು. ಆ ಘಮ, ಈ ಗೊಣಗು ಎರಡೂ ಒಟ್ಟಿಗೆ ಬಂದರೆ ನಾನು ಪಾಂಡವಪುರದ ಈ ಮನೆಯಲ್ಲಿ ಇರುವುದಿಲ್ಲ, ನೋಡಿ. ಸೀದಾ ಸಿಂಧಘಟ್ಟದಲ್ಲಿ ನಮ್ಮತ್ತೆಯ ಒಲೆಯ ಮುಂದೆ ಇರುತ್ತೇನೆ.

ತೊಂಬತ್ತರ ದಶಕದ ಮಾತು. ನಮ್ಮ ಯಜಮಾನರು ಮಿಲಿಟರಿಯಲ್ಲಿ ಗುಮಾಸ್ತರು. ಗುಟ್ಟಿನ ಕಾಗದಪತ್ರಗಳನ್ನು ಹೇಗೆ ಕಾಯಬೇಕು ಎಂಬ ನಿಯಮಗಳ ಮೇಲೆ ಅವರಿಗೊಂದು ಪರೀಕ್ಷೆ. ಪಾಸಾದರೆ ಬಡ್ತಿ, ಬಡ್ತಿಯಾದರೆ ಕ್ವಾರ್ಟರ್ಸು, ಕ್ವಾರ್ಟರ್ಸು ಸಿಕ್ಕರೆ ನಾನೂ ಅವರ ಜೊತೆ. ಮದುವೆಯಾದಾಗಿನಿಂದ ರಜೆಯ ಗಂಡನನ್ನಷ್ಟೇ ಕಂಡಿದ್ದವಳು ನಾನು. ಒಂದು ಸಲ ಆಗಲೇ ಫೇಲಾಗಿದ್ದರು. ನಿಯಮದ ಪುಸ್ತಕ ಮನೆಗೆ ತರುವಂತಿಲ್ಲ. ಅದೂ ಒಂದು ನಿಯಮವೇ. ಹಾಗಾಗಿ ರಜೆಗೆ ಬಂದವರು ತಲೆಯಲ್ಲಿದ್ದಷ್ಟನ್ನು ನನ್ನ ಮುಂದೆ ಒಪ್ಪಿಸುತ್ತಿದ್ದರು.

"ಇದ್ನೆಲ್ಲ ನನ್ಗೆ ಯೋಳ್ಬೋದಾ?" ಎಂದು ನಾನು ಹೆದರಿದರೆ, "ಗುಟ್ಟೇನೂ ಯೋಳ್ತಿಲ್ಲ ಕಣಮ್ಮಿ, ಗುಟ್ಟು ಕಟ್ಟೋದು ಯಂಗೆ ಅಂತ ಅಷ್ಟೆ," ಎನ್ನುವರು.

ಆ ಕಟ್ಟುವುದೇ ಅವರಿಗೆ ಕೈಕೊಡುತ್ತಿದ್ದದ್ದು. ಲಕೋಟೆ ಎರಡು. ಒಳಗಿನದರ ಮೇಲೆ 'ಗುಪ್ತ' ಎಂಬ ಮುದ್ರೆ, ಹೊರಗಿನದರ ಮೇಲೆ ಬರೀ ವಿಳಾಸ. ಇವರು ದಿನವೂ ಅದನ್ನು ತಿರುವುಮುರುವು ಹೇಳುವರು. ನಾನು ನಿಮಿಷಾಂಬೆಗೆ ಕೈಮುಗಿಯುವುದು ಬಿಟ್ಟು ಇನ್ನೇನು ಮಾಡಲಿ?

ಆಗಲೇ ಹಸು ಈದಿತ್ತು. ನಮ್ಮ ಮನೆಯಲ್ಲಿ ಮೊದಲ ಬೆಣ್ಣೆ ದೇವರಿಗೆ ಮೀಸಲು. ಒಪ್ಪಿಸುವ ತನಕ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಅತ್ತೆ ಅದನ್ನು ಕಾಯಿಸಿ ಕುಡಿಕೆಗೆ ತುಂಬಿ, ಅರಿಸಿನ ಕುಂಕುಮ ಹಚ್ಚಿ, ಬಾಯಿಗೆ ಬಟ್ಟೆ ಕಟ್ಟಿದರು. ನಾವು ಮೂವರೂ ನಿಮಿಷಾಂಬೆಯ ಗುಡಿಗೆಂದು ಗಂಜಾಂಗೆ ಹೊರಟಾಗ ಕುಡಿಕೆಯನ್ನು ಹಳೆಯ ಚೀಲಕ್ಕಿಳಿಸಿ, ಮೇಲೊಂದು ರಾಗಿಹಿಟ್ಟಿನ ಗಂಟು ಇಟ್ಟರು.

ಬಸ್ಸಿನಲ್ಲಿ ಪಕ್ಕದ ಹೆಂಗಸು, "ಏನಕ್ಕಾ ಅದು ಚೀಲ್ದಾಗೆ?" ಎಂದಳು. ಅತ್ತೆ ಬಾಯಿ ತೆರೆಯುವ ಮೊದಲೇ ನಮ್ಮವರು ಎದೆಯುಬ್ಬಿಸಿ, "ಅದು ಯೋಳಂಗಿಲ್ಲ!" ಎಂದುಬಿಟ್ಟರು. ಮುಗಿಯಿತು. ಮುಂದಿನ ಸೀಟಿನವರೆಲ್ಲ ತಿರುಗಿದರು. ಕಂಡಕ್ಟರ್ ಬಂದು, "ನಾಟಿಕೋಳಿನಾ ಯಜಮಾನ್ರೆ? ಕೋಳಿಗೂ ಟಿಕೀಟು ಆಯ್ತದೆ," ಎಂದ.

"ಇಟ್ಟು ಕಣಪ್ಪ, ರಾಗಿ ಇಟ್ಟು," ಎಂದು ಅತ್ತೆ ಗಂಟು ಎತ್ತಿ ತೋರಿಸಿದರು. ಎಲ್ಲರೂ ಮತ್ತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅತ್ತೆ ಮಗನ ತೊಡೆ ಚಿವುಟಿ ಮೆಲ್ಲಗೆ, "ಮೀಸ್ಲು ಅಂತ ಸಾರ್ಕೊಂಡು ಓದ್ರೆ ಕಂಡೋರ ಕಣ್ಣೆಲ್ಲ ಅದ್ರ ಮ್ಯಾಲೇ ಕಣ್ಲಾ. ಗುರ್ತು ಒಳ್ಗಿರ್ಬೇಕು, ಇಟ್ಟು ಮ್ಯಾಲಿರ್ಬೇಕು. ಅಷ್ಟೂ ತಿಳೀದೆ ಮಿಲ್ಟ್ರಿ ಕಾಯ್ತಿದ್ದೀಯೇನ್ಲಾ?" ಎಂದರು.

ನಮ್ಮವರು ಹಣೆ ಚಚ್ಚಿಕೊಂಡರು. "ಅವ್ವಾ, ಇದೇ ಕಣವ್ವ ಪರೀಕ್ಸೇಲಿ ಅವ್ರು ಕೇಳದು!"

ಚೀಲದಲ್ಲಿ ಹಿಟ್ಟೂ ಇತ್ತಲ್ಲ, ಸುಳ್ಳೇನಲ್ಲ ಎಂದು ದೇವಿಯ ಮುಂದೆ ನಾನು ಸಮಾಧಾನ ಮಾಡಿಕೊಂಡೆ. ಅತ್ತೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. "ಏನು ಕೇಳ್ಕೊಂಡ್ರಿ ಅತ್ತೆ?" ಎಂದರೆ, "ಯೋಳಂಗಿಲ್ಲ ಬುಡು," ಎಂದು ಗದರಿದರು. ಗದರುವುದು ಅವರ ದಿನದ ಮಾತು.

ರಜೆ ಮುಗಿಸಿ ಹೋಗಿ ನಮ್ಮವರು ಪರೀಕ್ಷೆ ಬರೆದರು. ಫಲಿತಾಂಶ ಬಂದದ್ದು ಊರಿನ ಅಂಗಡಿಯ ಫೋನಿಗೆ. ಫೋನಿನಲ್ಲಿ ಬಾಯಿ ಬಿಡಬಾರದೆಂಬ ನಿಯಮವನ್ನೂ ಓದಿದ್ದರಲ್ಲ, ಇಷ್ಟೇ ಹೇಳಿದರು: "ಅವ್ವನ್ಗೆ ಯೋಳು, ಇಟ್ಟು ಮ್ಯಾಲೇ ಇತ್ತು ಅಂತ." ಪಾಸಾಗಿದ್ದರು! ನಾನು ಅಲ್ಲೇ ಕಡಲೆ ಮೂಟೆಯ ಮೇಲೆ ಕೂತು ಅಳತೊಡಗಿದೆ. "ಏನಾಯ್ತಮ್ಮಿ?" ಎಂದು ಅಂಗಡಿಯಣ್ಣ ಗಾಬರಿಯಾದ. "ಏನಿಲ್ಲಣ್ಣ, ಇಟ್ಟು," ಎಂದು ಅಳುತ್ತಲೇ ನಕ್ಕೆ.

ಕ್ವಾರ್ಟರ್ಸಿಗೆ ಹೊರಟ ದಿನವೂ ಅತ್ತೆ, "ಅಲ್ಲಾದ್ರೂ ಮುದ್ದೆ ನೆಟ್ಗೆ ತಿರುವು," ಎಂದು ಗದರಿ, ಹಿಟ್ಟಿನ ಡಬ್ಬಿಯೊಂದನ್ನು ಕೈಗಿಟ್ಟರು. ಅಲ್ಲಿ ಮೊದಲ ದಿನ ಹಿಟ್ಟು ತೋಡಿದರೆ ಅಡಿಯಲ್ಲಿ ಅಂಥದೇ ಅರಿಸಿನ ಹಚ್ಚಿದ ಇನ್ನೊಂದು ತುಪ್ಪದ ಕುಡಿಕೆ. ಗಂಜಾಂನಲ್ಲಿ ಅವರು ಯಾರಿಗಾಗಿ ಕಣ್ಣು ಮುಚ್ಚಿದ್ದರೆಂದು ನನಗೆ ಆಗ ತಿಳಿಯಿತು.

ಇವತ್ತು ತುಪ್ಪ ಸೋಸಿ ಕುಡಿಕೆಗೆ ಅರಿಸಿನ ಹಚ್ಚುತ್ತಿದ್ದಾಗ ನಮ್ಮವರು ಒಳಗೆ ಬಂದು, "ಮೀಸ್ಲಾ? ಯಾರ್ಗೆ ಅರಕೆ?" ಎಂದರು. ನಡುಮನೆಯಲ್ಲಿ ಸೊಸೆಯ ಗೊಣಗು ಒಂದು ಗಳಿಗೆ ನಿಂತಿತು.

"ಯೋಳಂಗಿಲ್ಲ ಬುಡಿ," ಎಂದೆ. "ಆ ರಾಗಿಹಿಟ್ಟಿನ ಗಂಟು ಇತ್ಲಾಗೆ ಕೊಡಿ."