ಬಸ್ಸಿನ ಹಿಂದೆ ಅಂಕಯ್ಯನ ಫಿಯಟ್

ನನ್ನ ತಂಗಿ ಮಮತಳ ಗಂಡ ಅಂಕಯ್ಯ ದೊಡ್ಡ ಕಾರು ಎಂಜಿನಿಯರು ಎಂದು ನಂಬಿದವರು ನಮ್ಮೂರಿನಲ್ಲಿ ಇವತ್ತಿಗೂ ಇದ್ದಾರೆ. ನಂಬಲಿ, ಪಾಪ. ಬಿಡದಿ ಕಡೆಯ ಹೊಲಗಳೆಲ್ಲ ಒಂದೊಂದಾಗಿ ಫ್ಯಾಕ್ಟರಿಗಳಾಗುತ್ತಿದ್ದ ಆ ವರ್ಷಗಳಲ್ಲಿ ಅವನಿಗೂ ಒಂದು ಕಡೆ ಕೆಲಸ ಸಿಕ್ಕಿದ್ದು ನಿಜ. ಅಲ್ಲಿ ಕಾರಿನ ಬಾಗಿಲುಗಳು ಸಾಲಾಗಿ ಬರುತ್ತಿದ್ದವು, ಅಂಕಯ್ಯ ಅವುಗಳ ಸುತ್ತ ರಬ್ಬರಿನ ಪಟ್ಟಿ ಒತ್ತುತ್ತಿದ್ದ. ಅಷ್ಟೇ. ಆ ಬಾಗಿಲು ಆಮೇಲೆ ಯಾವ ಕಾರಿಗೆ ಸೇರಿತು ಅನ್ನುವುದನ್ನೂ ಅವನು ಕಂಡವನಲ್ಲ. ಆದರೆ ನೀಲಿ ಅಂಗಿ ತೊಟ್ಟು, ಕಂಪನಿ ಗಾಡಿಯಿಂದ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ನನ್ನ ಟೀ ಅಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತನೆಂದರೆ ಎಂಜಿನ್ನನ್ನು ಹೆತ್ತು ಸಾಕಿದವನೇ ತಾನು ಎನ್ನುವ ಹಾಗೆ ಮಾತಾಡುತ್ತಿದ್ದ.

ಬರೀ ಮಾತಾಡಿಕೊಂಡಿದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ರಾಮನಗರದ ವಕೀಲರೊಬ್ಬರು ಹಿತ್ತಿಲಲ್ಲಿ ಕೋಳಿ ಮಲಗಲು ಬಿಟ್ಟಿದ್ದ ಹಳೇ ಫಿಯಟ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಎಳೆದು ತಂದ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನುತ್ತಾರೆ. ಇವನದು ಮದುವೆಯಾದ ಮೇಲೆ ಹಿಡಿದ ಹುಚ್ಚು. ಅದಕ್ಕೆ ಮದ್ದು ಯಾವ ಗಾದೆಯಲ್ಲೂ ಇಲ್ಲ.

ಫ್ಯಾಕ್ಟರಿಯಲ್ಲಿ ಇಂಥವರದೇ ಒಂದು ಗುಂಪಿತ್ತು. ಭಾನುವಾರ ಬಂತೆಂದರೆ ಎಲ್ಲರೂ ಮಂಚನಬೆಲೆ ರಸ್ತೆಯಲ್ಲಿ ಸೇರಿ ಯಾರ ಕಾರು ಎಷ್ಟು ಓಡುತ್ತದೆ ಎಂದು ನೋಡುತ್ತಿದ್ದರು. ಅವರು ಹೇಳಿದ್ದನ್ನೆಲ್ಲ ಅಂಕಯ್ಯ ಮನೆಯ ಅಂಗಳದಲ್ಲಿ ತಾನೇ ಮಾಡಿದ. ಕಾರು ನೆಲಕ್ಕೆ ಹತ್ತಿರವಾದರೆ ಗಾಳಿ ತಡೆಯುವುದಿಲ್ಲವಂತೆ, ಅದಕ್ಕೆ ನಾಲ್ಕೂ ಚಕ್ರದ ಸ್ಪ್ರಿಂಗುಗಳನ್ನು ಕತ್ತರಿಸಿ ಗಿಡ್ಡ ಮಾಡಿದ. ತೂಕ ಕಡಿಮೆಯಾಗಲೆಂದು ಹಿಂದಿನ ಸೀಟು ಕಿತ್ತ. ಎಂಜಿನ್ನಿನ ಕಾವು ಒಳಗೆ ಬಾರದಂತೆ ಕಂಪನಿಯವರು ಹಾಕಿದ್ದ ದಪ್ಪ ಹಾಸನ್ನೂ ಕಿತ್ತ. ರೇಡಿಯೇಟರಿನ ಫ್ಯಾನು ತಿರುಗುವುದಕ್ಕೆ ಎಂಜಿನ್ನಿನ ಶಕ್ತಿ ದಂಡ, ಓಡುವಾಗ ಬರುವ ಗಾಳಿಯೇ ಸಾಕು ಎಂದು ಫ್ಯಾನನ್ನೂ ಬಿಚ್ಚಿಟ್ಟ. ಚನ್ನಪಟ್ಟಣದ ಗೊಂಬೆ ಮಾಡುವ ನಿಯಾಜ್ ಹತ್ತಿರ ಹೋಗಿ ಗೇರಿಗೆ ಕೆಂಪು ಅರಗಿನ ಮರದ ಗುಂಡು ಮಾಡಿಸಿದ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅರಗು ಮೆತ್ತಗಾಗಿ ಬಣ್ಣ ಅವನ ಅಂಗೈಗೆ ಬಂತು. ಆ ಬೇಸಗೆಯೆಲ್ಲ ಮದುಮಗಳ ಹಾಗೆ ಕೆಂಪು ಕೈ ಹೊತ್ತು ಡ್ಯೂಟಿಗೆ ಹೋದ.

ಅದೇ ಅಂಗಳದ ಇನ್ನೊಂದು ತುದಿಯಲ್ಲಿ ಮಮತಳ ರೇಷ್ಮೆ ಹುಳುಮನೆ. ಅವಳು ಬೆಳೆಯುತ್ತಿದ್ದದ್ದು ನೂಲು ತೆಗೆಯುವ ಗೂಡಲ್ಲ, ಬಿತ್ತನೆ ಗೂಡು. ಅಂದರೆ ಗೂಡಿನೊಳಗಿನ ಹುಳು ಬದುಕಿರಬೇಕು, ಚಿಟ್ಟೆಯಾಗಬೇಕು, ಮೊಟ್ಟೆ ಇಡಬೇಕು. ಆ ಮೊಟ್ಟೆಯೇ ಊರೂರಿನ ರೇಷ್ಮೆಗೆ ಬೀಜ. ಸಾವನದುರ್ಗದ ಸುತ್ತಮುತ್ತ ಈ ಕೆಲಸಕ್ಕೆ ಆರಿಸಿದ ಮನೆಗಳು ಕೆಲವೇ, ಅದರಲ್ಲಿ ನನ್ನ ತಂಗಿಯ ಮನೆ ಒಂದು. ಗೂಡು ಕೊಂಡು ಮೊಟ್ಟೆ ಇಡಿಸುವ ಮಾಗಡಿಯ ಬಿತ್ತನೆ ಕೋಠಿಯ ಸಾಹೇಬರು ಅವಳ ಬುಟ್ಟಿ ಕಂಡರೆ ಎದ್ದು ಬರುತ್ತಿದ್ದರು. ಬಿತ್ತನೆ ಗೂಡನ್ನು ಸಾಗಿಸುವುದಕ್ಕೂ ಒಂದು ಕಟ್ಟಳೆಯಿದೆ. ತಂಪು ಹೊತ್ತಿನಲ್ಲಿ ಹೊರಡಬೇಕು, ಬುಟ್ಟಿಗೆ ತೆಳ್ಳನೆಯ ಬಟ್ಟೆ ಹೊದಿಸಬೇಕು, ಬುಟ್ಟಿಯನ್ನು ನೆಲಕ್ಕಿಡದೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಜೋರಾಗಿ ಕುಲುಕಿದರೆ ಹುಳು ಒಳಗೇ ಒಡೆಯುತ್ತದೆ, ಕಾವು ತಗುಲಿದರೆ ಒಳಗೇ ಬೇಯುತ್ತದೆ. ಬಸುರಿಯನ್ನು ತವರಿಗೆ ಕಳಿಸುವ ಹಾಗೆ ಕಳಿಸಬೇಕು.

ಅದಕ್ಕೇ ಮಮತಾ ಪ್ರತಿ ಬೆಳೆಗೂ ಬೆಳಗಿನ ಬಸ್ಸಿಗೆ ಹೋಗುತ್ತಿದ್ದಳು. ಡ್ರೈವರ್ ಮುನಿಶಾಮಯ್ಯ ತನ್ನ ಹಿಂದಿನ ಸೀಟನ್ನು ಅವಳಿಗೆಂದೇ ಹಿಡಿದಿಟ್ಟು, ಹಳ್ಳ ಬಂದರೆ ಬಸ್ಸನ್ನು ಪಕ್ಕಕ್ಕೆ ಎಳೆದು ಹೋಗುತ್ತಿದ್ದ. ಇತ್ತ ಅಂಗಳದಲ್ಲಿ ಅಂಕಯ್ಯ ಕಾರು ಒರೆಸಿಕೊಂಡು ನಿಂತಿರುತ್ತಿದ್ದ. ಮನೆಯಲ್ಲಿ ಕಾರಿಟ್ಟುಕೊಂಡು ಹೆಂಡತಿ ಬಸ್ಸಿಗೆ ಹೋಗುತ್ತಾಳಲ್ಲ ಅನ್ನುವುದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಭಾನುವಾರದ ಗುಂಪಿನ ಮೆಚ್ಚುಗೆಯೆಲ್ಲ ಒಂದು ಕಡೆ, ಮಮತಾ ಒಂದು ಸಲ ಬುಟ್ಟಿ ಹಿಡಿದು ಆ ಕಾರಿನಲ್ಲಿ ಕೂರುವುದು ಒಂದು ಕಡೆ.

“ಒಂದ್ ಸಲ ಕಾರಲ್ಲಿ ಬಂದ್ ನೋಡು” ಅನ್ನುತ್ತಿದ್ದ.

“ನಾನು ಬೇಕಾದ್ರೆ ಬತ್ತೀನಿ. ನನ್ನ ಹುಳ ಬರಕ್ಕಿಲ್ಲ” ಅನ್ನುತ್ತಿದ್ದಳು.

ಒಂದು ಬೆಳೆಗೆ ಅವನ ಪುಣ್ಯವೋ ಅವಳ ಪಾಪವೋ, ಎಲ್ಲಿಯದೋ ಸಮಾವೇಶಕ್ಕೆಂದು ನಮ್ಮ ಕಡೆಯ ಬಸ್ಸುಗಳೆಲ್ಲ ಹೋದವು. ಇನ್ನೊಂದು ದಿನ ತಡೆದರೆ ಕೋಠಿ ಸೇರುವ ಮೊದಲೇ ಚಿಟ್ಟೆ ಹೊರಗೆ ಬರುತ್ತದೆ. ಬೇರೆ ದಾರಿ ಕಾಣದೆ ಮಮತಾ ಫಿಯಟ್ ಹತ್ತಿದಳು. ಹಿಂದೆ ಸೀಟಿಲ್ಲದ ಜಾಗದಲ್ಲಿ ನಾನು ಕುಕ್ಕರುಗಾಲಲ್ಲಿ ಕೂತೆ. ಅಂಕಯ್ಯ ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದ.

ಊರ ಬಾವಿ ದಾಟುವ ಮೊದಲೇ ಗೊತ್ತಾಯಿತು. ಒಂದು ಕಲ್ಲು ಹತ್ತಿ ಇಳಿದರೆ ನನ್ನ ತಲೆ ಮೇಲಕ್ಕೂ ಅಂಡು ಕೆಳಕ್ಕೂ ಬಡಿಯುತ್ತಿತ್ತು. ಮಮತಾ ಬುಟ್ಟಿಯನ್ನು ತೊಡೆಯ ಮೇಲೂ ಇಡದೆ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕಾರಿಗಿಲ್ಲದ ಸ್ಪ್ರಿಂಗು ಅವಳ ತೋಳಿಗೆ ಬಂತು.

“ನಿಧಾನ” ಅಂದಳು. ಅಂಕಯ್ಯ ನಿಧಾನ ಮಾಡಿದ. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಗಾಡಿಯವನು ತಿರುಗಿ ನೋಡಿದ, ನಾನು ಮುಖ ಆಚೆ ತಿರುಗಿಸಿಕೊಂಡೆ. ಅಷ್ಟರಲ್ಲಿ ಕಾವಿನ ಮುಳ್ಳು ಮೇಲೇರತೊಡಗಿತು. ಫ್ಯಾನಿಲ್ಲದ ಎಂಜಿನ್ನಿಗೆ ಓಡಿದರಷ್ಟೇ ಗಾಳಿ. ಹಾಸು ಕಿತ್ತಿದ್ದರಿಂದ ಬಿಸಿಯೆಲ್ಲ ನೇರ ಮಮತಳ ಕಾಲಿಗೆ, ಬುಟ್ಟಿಗೆ ಬರುತ್ತಿತ್ತು.

“ಒಸಿ ಜೋರಾಗ್ ಓಡುಸ್ಲಾ? ಎಂಜಿನ್ ತಣ್ಣಗಾಯ್ತದೆ” ಅಂದ ಅಂಕಯ್ಯ.

“ಜೋರಾಗ್ ಹೋದ್ರೆ ನನ್ನ ಹುಳ ಸಾಯ್ತವೆ.”

“ನಿಧಾನಕ್ ಹೋದ್ರೆ ಎಂಜಿನ್ ಸಾಯ್ತದೆ ಕಣೆ.”

“ಸಾಯ್ಲಿ ಬುಡಿ” ಅಂದಳು ಮಮತಾ.

ಗಂಡನಾದವನು ನಿಧಾನವಾಗಿಯೇ ಓಡಿಸಿದ, ಅದೊಂದನ್ನು ನಾನು ಮೆಚ್ಚಿದೆ. ಸ್ವಲ್ಪ ದೂರಕ್ಕೆ ಎಂಜಿನ್ನು ಬುಸ್ಸೆಂದು ಹಬೆ ಬಿಟ್ಟು ನಿಂತಿತು. ಮಮತಾ ಇಳಿದು ಮಾಗಡಿ ಕಡೆ ನಡೆದಳು. ನಾನೂ ಅವಳೂ ಬುಟ್ಟಿಯನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡು ನಡೆದೆವು. ಅಷ್ಟರಲ್ಲಿ ಬಿಸಿಲು ಏರಿತ್ತು.

ಕೋಠಿಯ ಸಾಹೇಬರು ಎಂದಿನಂತೆ ಬುಟ್ಟಿಯಿಂದ ಒಂದಷ್ಟು ಗೂಡು ತೆಗೆದು ಬ್ಲೇಡಿನಲ್ಲಿ ಕೊಯ್ದು ನೋಡಿದರು. ಒಂದರೊಳಗೆ ಹುಳು ಮಿಸುಕಿತು. ಮುಂದಿನದು ಕಪ್ಪಾಗಿತ್ತು. ಅದರ ಮುಂದಿನದೂ ಕಪ್ಪು. ಅವರು ಬ್ಲೇಡು ಕೆಳಗಿಟ್ಟು, “ಈ ಸಲ ಬಿತ್ತನೆಗೆ ಬೇಡಮ್ಮ, ನೂಲಿಗೆ ಕೊಟ್ಟುಬಿಡಿ” ಅಂದರು. ಬೈದಿದ್ದರೂ ಚೆನ್ನಾಗಿತ್ತು. ಮಮತಾ ಕೊಯ್ದ ಗೂಡುಗಳನ್ನು ಸೆರಗಿಗೆ ಹಾಕಿಕೊಂಡು, ಗೋಡೆ ಕಡೆ ತಿರುಗಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮನೆಗೆ ಬಂದು ಅವಳು ಸೀದಾ ಹುಳುಮನೆಗೆ ಹೋದಳು. ಅವಳ ಪಾಲಿನದನ್ನೂ ಸೇರಿಸಿ ನಾನೇ ಬೈದೆ. ಅಂಕಯ್ಯ ತಲೆ ತಗ್ಗಿಸಿ ಕೇಳಿದ. ಮಾರನೇ ಭಾನುವಾರದಿಂದ ಮಂಚನಬೆಲೆ ಬಿಟ್ಟ. ಅಂಗಳದಲ್ಲಿ ಕಾರಿನ ಕೆಳಗೆ ಮಲಗಿ ಒಂದೊಂದೇ ವಾಪಸು ಜೋಡಿಸಿದ. ಹೊಸ ಸ್ಪ್ರಿಂಗು ಹಾಕಿದ, ಫ್ಯಾನು ಹಾಕಿದ, ಹಾಸು ಹಾಸಿದ, ಹಿಂದಿನ ಸೀಟು ಕೂರಿಸಿದ. ವರ್ಷಗಟ್ಟಲೆ ಸ್ಪ್ಯಾನರು ಹಿಡಿದು ಕೆಡಿಸಿದ್ದಕ್ಕೆ ಕೆಲಸವೂ ಕೈಗೆ ಹತ್ತಿತ್ತು. ಕೊನೆಗೆ ಕಾರು ಅಂಗಳದಿಂದ ಹೊರಟಾಗ ಮಲಗಿದ್ದ ನಾಯಿ ಕೂಡ ಏಳಲಿಲ್ಲ. ಅವನ ಗುಂಪಿನವನೊಬ್ಬ ಕೂತು ನೋಡಿ, “ಏನ್ಲಾ ಮಾಡ್ಸಿದೀಯ, ಬೆಣ್ಣೆ ಹಂಗೆ ಓಯ್ತದೆ” ಎಂದು ಬೆರಗಾದ. ಕಾರನ್ನು ಅದು ಹುಟ್ಟಿದಾಗ ಇದ್ದ ಹಾಗೆ ಮಾಡಿದ್ದೇನೆ ಎಂದು ಹೇಳಿಕೊಳ್ಳಲು ಅಂಕಯ್ಯನಿಗೆ ನಾಚಿಕೆ. “ಸ್ಪೆಷಲ್ ಸೆಟ್ಟಿಂಗು” ಅಂದ.

ಮಮತಾ ಮಾತ್ರ ಬಸ್ಸಿಗೇ ಹೋದಳು. ಸಾಹೇಬರು ಅವಳಿಗೆ ಇನ್ನೊಂದು ಅವಕಾಶ ಕೊಟ್ಟಿದ್ದರು, ಅದನ್ನು ಅವಳು ಬಸ್ಸಿನಲ್ಲೇ ಉಳಿಸಿಕೊಂಡಳು. ಅಂಕಯ್ಯ ಬಾ ಎಂದು ಕರೆಯುವುದನ್ನೂ ಬಿಟ್ಟ. ಅದರ ಬದಲು ಅವಳು ಗೂಡು ಒಯ್ಯುವ ದಿನ ರಜಾ ಹಾಕಿ, ಖಾಲಿ ಕಾರಿನಲ್ಲಿ ಬಸ್ಸಿನ ಹಿಂದೆ ಮಾಗಡಿವರೆಗೂ ಹೋಗುತ್ತಿದ್ದ. ಧೂಳು ಕುಡಿಯುತ್ತಾ, ಬಸ್ಸು ನಿಂತಲ್ಲೆಲ್ಲ ನಿಲ್ಲುತ್ತಾ ಹೋಗುತ್ತಿದ್ದ. ಏನ್ಲಾ ಇದು ಎಂದು ಕೇಳಿದರೆ, “ಬಸ್ ಗಿಸ್ ಕೆಟ್ರೆ ಭಾವ” ಅನ್ನುತ್ತಿದ್ದ. ಬಸ್ಸು ಕೆಡುತ್ತಿರಲಿಲ್ಲ. ಬೆಳೆ ಮೇಲೆ ಬೆಳೆ ಹೋಯಿತು, ಮುನಿಶಾಮಯ್ಯನ ಬಸ್ಸು ಗುಂಡುಕಲ್ಲಿನ ಹಾಗಿತ್ತು.

ಕೊನೆಗೊಂದು ಬೆಳಿಗ್ಗೆ, ಅವತ್ತು ನಾನೂ ಕಾರಿನಲ್ಲಿದ್ದೆ, ಮುಂದೆ ಹೋಗುತ್ತಿದ್ದ ಬಸ್ಸು ಎರಡು ಸಲ ಕೆಮ್ಮಿ ರಸ್ತೆಯ ಪಕ್ಕಕ್ಕೆ ನಿಂತಿತು. ಅಂಕಯ್ಯನ ಮುಖ ನೋಡಬೇಕಿತ್ತು. ಕಾರು ನಿಲ್ಲಿಸಿ ಓಡಿದ. ಮುನಿಶಾಮಯ್ಯ ಆಗಲೇ ಬಾನೆಟ್ಟು ಎತ್ತಿ ತಲೆ ಕೆರೆದುಕೊಳ್ಳುತ್ತಿದ್ದ. “ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕೊಂಡೈತೆ ಅಣ್ಣ, ಸರೀರಿ” ಅನ್ನುತ್ತಾ ಅಂಕಯ್ಯ ತೋಳು ಮಡಚಿ ಒಳಕ್ಕೆ ಬಗ್ಗಿದ. ಕೆಟ್ಟ ಎಂಜಿನ್ನು ಕಂಡರೆ ಅವನಿಗೆ ಲೋಕ ಕಾಣುವುದಿಲ್ಲ.

ಅವನ ಬೆನ್ನ ಹಿಂದೆಯೇ ಮಮತಾ ಬುಟ್ಟಿ ಹಿಡಿದು ಇಳಿದಳು. ಏರುತ್ತಿದ್ದ ಬಿಸಿಲನ್ನು ನೋಡಿದಳು, ಕಾರನ್ನು ನೋಡಿದಳು. ನೇರ ನನ್ನ ಹತ್ತಿರ ಬಂದು, “ಅಣ್ಣ, ಬಾಗ್ಲು ತಗಿ” ಅಂದಳು. ನಾನು ಹಿಂದಿನ ಬಾಗಿಲು ತೆಗೆದೆ. ಅವಳು ಸೀಟನ್ನು ಕೈಯಲ್ಲಿ ಒತ್ತಿ ನೋಡಿ, ಒಂದು ಕಾಲನ್ನು ಒಳಗಿಟ್ಟಳು.

ಅಷ್ಟರಲ್ಲಿ ಬಸ್ಸು ಗುರ್ರೆಂದಿತು. ಜನ ಹೋ ಎಂದರು, ಮುನಿಶಾಮಯ್ಯ ಅಂಕಯ್ಯನ ಬೆನ್ನು ತಟ್ಟಿದ. ಅಂಕಯ್ಯ ಕಪ್ಪು ಕೈ ಎತ್ತಿಕೊಂಡು, ಹಲ್ಲು ಬಿಟ್ಟುಕೊಂಡು ಈ ಕಡೆ ತಿರುಗಿ, “ಸರಿಹೋಯ್ತು ಮಮ್ತಾ, ಬಾ ಬಾ, ಬಸ್ ಒಂಟೋಯ್ತದೆ, ಹತ್ಕೊ” ಎಂದು ಕೂಗಿದ. ಮಮತಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ನಗು ಬಂದದ್ದನ್ನು ತುಟಿಯಲ್ಲೇ ಹಿಡಿದು, ಕಾಲು ಹೊರಗೆ ತೆಗೆದು, ಹೋಗಿ ತನ್ನ ಸೀಟಿನಲ್ಲಿ ಕೂತಳು. ಬಸ್ಸು ಹೊರಟಿತು.

ಅಂಕಯ್ಯ ಬಂದವನು ತೆರೆದಿದ್ದ ಬಾಗಿಲು ನೋಡಿ, “ಇದ್ಯಾರ್ ತಗುದ್ರು ಭಾವ?” ಅಂದ. ಹೇಳಿದೆ. ಮುಚ್ಚಿಡುವುದು ಯಾಕೆ?

ಅವನು ಬಸ್ಸು ಮರೆಯಾಗುವವರೆಗೂ ಬಾಗಿಲು ಹಿಡಿದು ನಿಂತ. ಆಮೇಲೆ ಮೆಲ್ಲಗೆ, “ಇನ್ನೊಂದ್ ಸಲ ಕೆಡ್ತದಾ ಭಾವ ಅದು?” ಎಂದು ಕೇಳಿದ.

“ನೀನು ಸರಿ ಮಾಡಿದ್ಮೇಲೆ ಇನ್ನೆಲ್ಲಿ ಕೆಡ್ತದ್ಲಾ” ಅಂದೆ.