ಹಸಿರಾಗದ ಒಂದು ಹೆಸರು

ಹಂಪಾಪುರದ ಪಕ್ಕದ ಆ ಊರಿನಲ್ಲಿ ಚಿಕ್ಕಬೀರಮ್ಮನ ನೆನಪಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಮದುವೆ ಮನೆಯಲ್ಲಿ ಒಂದು ಸಲ ಕೇಳಿದ ಸೋಬಾನೆ ಪದವನ್ನು ಮಾರನೆಯ ದಿನ ಹೊಗೆಸೊಪ್ಪು ಕಡ್ಡಿಗೆ ಕಟ್ಟುತ್ತಾ ಒಂದಕ್ಷರ ಬಿಡದೆ ಹಾಡುತ್ತಿದ್ದಳು. ಅನುಮಾನವಿದ್ದದ್ದು ಅವಳ ಓದಿನ ಬಗ್ಗೆ, ಅದಕ್ಕೆ ಕಾರಣವೂ ಅವಳೇ.

ಅರವತ್ತರ ಹತ್ತಿರ ಬಂದ ಮೇಲೆ ಅವಳಿಗೆ ಓದು ಕಲಿಯುವ ಹಟ ಹಿಡಿದದ್ದು ಗಂಡ ಮಹದೇವಯ್ಯನ ದೆಸೆಯಿಂದ. ಅವನು ಏಳನೇ ಕ್ಲಾಸಿನವರೆಗೆ ಓದಿದವನು. ಬೆಳಿಗ್ಗೆ ಜಗಲಿಯ ಮೇಲೆ ಕೂತು, ಹೆಂಡತಿ ಕೊಟ್ಟ ಕಾಫಿ ಹೀರುತ್ತಾ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಪೇಪರಿನ ಸುದ್ದಿಗಳೆಲ್ಲ ಅದು ಹೇಗೋ ಅವನ ಕಡೆಗೇ ವಾಲುತ್ತಿದ್ದವು. “ಇಕಾ, ಮೈಸೂರಿನ ದೊಡ್ಡ್ ಡಾಕ್ಟ್ರು ಬರ್ದವ್ರೆ. ವಯಸ್ಸಾದ ಗಂಡಸ್ರಿಗೆ ಕಾಫಿಲಿ ಸಕ್ಕರೆ ಕಮ್ಮಿ ಮಾಡ್ಬಾರ್ದಂತೆ” ಎನ್ನುತ್ತಿದ್ದ. ಹೊಲಕ್ಕೆ ಹೋಗಲು ಬೇಜಾರಾದ ದಿನ ಹವಾಮಾನದವರೂ ಅವನ ಪರವಾಗಿಯೇ ಮಾತಾಡುತ್ತಿದ್ದರು. ಚಿಕ್ಕಬೀರಮ್ಮ ಪೇಪರು ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುವಳು. ಅಕ್ಷರಗಳು ಅವಳ ಹತ್ತಿರ ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಊರಿನದೇ ಹುಡುಗಿ, ಡಿಗ್ರಿ ಮುಗಿಸಿದ ಕಾವ್ಯಶ್ರೀ, ಹೆಂಗಸರ ಸಂಘದ ಮನೆಯಲ್ಲಿ ಸಂಜೆ ಹೊತ್ತು ಓದಿನ ಕ್ಲಾಸು ಶುರುಮಾಡಿದಳು. ಅವಳ ಹತ್ತಿರ ಒಂದು ಟ್ಯಾಬ್ ಇತ್ತು. ಅದರಲ್ಲಿ ಕಥೆ ಮೂಡುತ್ತಿತ್ತು. ಎದುರಿಗೆ ಕೂತವರು ಗಟ್ಟಿಯಾಗಿ ಓದಿದರೆ ಅದು ಕೇಳಿಸಿಕೊಂಡು, ಸರಿಯಾದ ಪದವನ್ನು ಹಸಿರು, ತಪ್ಪಿದ ಪದವನ್ನು ಕೆಂಪು ಮಾಡುತ್ತಿತ್ತು. ‘ಅಣ್ಣು’ ಎಂದರೆ ಒಪ್ಪುತ್ತಿರಲಿಲ್ಲ. ಎದೆಯಿಂದ ಉಸಿರು ತಳ್ಳಿ ‘ಹಣ್ಣು’ ಎಂದ ಮೇಲೆಯೇ ಬಿಡುಗಡೆ. “ಇದೇನವ್ವ, ನಮ್ಮತ್ತೆಗಿಂತ ಕಡೆಯಾಯ್ತಲ್ಲ ಇದು!” ಎಂದು ಹೆಂಗಸರು ಗೊಣಗಿದರು.

ಚಿಕ್ಕಬೀರಮ್ಮ ಮಾತ್ರ ಗೊಣಗಲಿಲ್ಲ. ಯಾವಾಗಲೂ ಸಾಲಿನ ಕೊನೆಗೆ ಹೋಗಿ ಕೂರುತ್ತಿದ್ದಳು. ಮಿಕ್ಕವರು ತಡವರಿಸಿ ಓದಿ ಮುಗಿಸುವಷ್ಟರಲ್ಲಿ ಕಥೆ ಅವಳಿಗೆ ಬಾಯಿಪಾಠವಾಗಿರುತ್ತಿತ್ತು. ತನ್ನ ಸರದಿಯಲ್ಲಿ ಬೆರಳು ಆಡಿಸುತ್ತಾ ಗಡಗಡ ಒಪ್ಪಿಸಿಬಿಡುವಳು. ಟ್ಯಾಬಿಗೆ ಕಿವಿ ಇತ್ತೇ ಹೊರತು ಕಣ್ಣಿರಲಿಲ್ಲ. ಇದ್ದಬದ್ದದ್ದೆಲ್ಲ ಹಸಿರಾಗುತ್ತಿತ್ತು. ಕಾವ್ಯಶ್ರೀ ಚಪ್ಪಾಳೆ ತಟ್ಟಿಸುವಳು, ಇವಳು ಸೆರಗು ಸರಿಮಾಡಿಕೊಳ್ಳುವಳು.

ಆದರೆ ಒಂದು ಸಂಜೆ ಅವಳ ಓದಿನ ನಡುವೆಯೇ ಚಾರ್ಜು ಮುಗಿದು ಟ್ಯಾಬು ಕಪ್ಪಾಯಿತು. ಚಿಕ್ಕಬೀರಮ್ಮನ ಕಣ್ಣು ಆಗ ಬಾಗಿಲಾಚೆ ಹುರುಳಿಗೆ ಬಾಯಿ ಹಾಕುತ್ತಿದ್ದ ಮೇಕೆಯ ಮೇಲಿತ್ತು. ಕಪ್ಪು ಗಾಜಿನ ಮೇಲೆ ಬೆರಳಾಡಿಸುತ್ತಾ ಕಥೆಯನ್ನು ಕೊನೆ ಮುಟ್ಟಿಸಿಯೇ ನಿಲ್ಲಿಸಿದಳು. ಸಂಘದ ಮನೆ ನಗುವಿನಿಂದ ಬಿದ್ದುಹೋಗುವುದೊಂದು ಬಾಕಿ. ‘ಕರೆಂಟಿಲ್ಲದೆ ಓದುವವಳು’ ಎಂಬ ಬಿರುದನ್ನು ಟೀ ಅಂಗಡಿಯವರೆಗೆ ಮುಟ್ಟಿಸಿದವನು ಮಹದೇವಯ್ಯನೇ.

ಅವಳಿಗೆ ನಿಜಕ್ಕೂ ಅವಮಾನವಾಯಿತು. ಮಾರನೆಯ ದಿನದಿಂದ ಸಾಲಿನಲ್ಲಿ ಮೊದಲು ಕೂತಳು. ಕೆಂಪು ಬಂದರೆ ಬರಲಿ ಎಂದು ಒಂದೊಂದೇ ಅಕ್ಷರ ಕೂಡಿಸಿದಳು. ಹೊಗೆಸೊಪ್ಪಿನ ಸುಗ್ಗಿ ಮುಗಿಯುವ ಹೊತ್ತಿಗೆ ಬೇಳೆ ಪ್ಯಾಕೆಟ್ಟು, ಗೋಡೆಬರಹ ಎಲ್ಲವೂ ಅವಳೊಡನೆ ಮಾತಾಡತೊಡಗಿದ್ದವು. ಆದರೆ ಸಿಕ್ಕಿಬಿದ್ದವನೇ ಕಳ್ಳ ಅಲ್ಲವೇ? ಯಾರೂ ನಂಬಲಿಲ್ಲ. ಬಸ್ಸಿನ ಬೋರ್ಡು ನೋಡಿ ಅವಳು “ಸರಗೂರು” ಎಂದು ಓದಿದರೆ, ಪಕ್ಕದ ಮನೆ ಚಾಮುಂಡಮ್ಮ, “ಆ ಬಸ್ಸು ದಿನಾ ಇದೇ ವತ್ಗೆ ಬತ್ತದೆ ಕಣಕ್ಕ, ನಂಗೂ ಗೊತ್ತು” ಎಂದುಬಿಟ್ಟಳು.

ಗಂಡನಂತೂ ಪಂದ್ಯವನ್ನೇ ಕಟ್ಟಿದ. “ಯಾರೂ ಕೇಳ್ದೆ ಇರೋ ಹೊಸಾ ಕತೆ ಓದಿ ಪೂರಾ ಹಸ್ರು ಮಾಡಮ್ಮಿ. ಆಮೇಕೆ ಪೇಪರ್ ಓದೋದು ನಿಂದು, ಕಾಫಿ ಕಾಯ್ಸೋದು ನಂದು. ಆಗ್ನಿಲ್ಲ ಅಂದ್ರೆ ಕ್ಲಾಸು ಬುಟ್ಬುಟ್ಟು ನಾನ್ ಓದಿದ್ದ ಕೇಳ್ಕಂಡಿರು.”

“ಆಗ್ಲಿ ಬುಡಿ” ಎಂದಳು ಚಿಕ್ಕಬೀರಮ್ಮ.

ಅಂದು ಸಂಜೆ ಮಹದೇವಯ್ಯ ಸಂಘದ ಮನೆಯ ಬಾಗಿಲಿಗೆ ಒರಗಿ ನಿಂತ. ಕಾವ್ಯಶ್ರೀ ಯಾರೂ ನೋಡದ ಒಂದು ಕಥೆ ತೆರೆದಳು. ಮೊದಲ ಸಾಲು ‘ಮಹದೇವ ತೋಟಕ್ಕೆ ಹೋದ’ ಎಂದಿತ್ತು.

ಚಿಕ್ಕಬೀರಮ್ಮ ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅವಳ ತಾಯಿ ಹೇಳಿ ಕಳಿಸಿದ್ದಳು. ಮದುವೆಯಾದಾಗಿನಿಂದ, ಆ ಹೆಸರು ಬಾಯಿಗೆ ಬರದಿರಲೆಂದು, ಬೆಟ್ಟದ ದೇವರನ್ನು ಕೂಡ ಅವಳು ‘ಏಳುಮಲೆ ಸ್ವಾಮಿ’ ಎಂದೇ ಕರೆದವಳು.

“ನಾ ಯೋಳ್ನಿಲ್ವಾ? ಮೊದಲ್ನೇ ಪದಕ್ಕೇ ನಿಂತೋದ್ಲು” ಎಂದಳು ಚಾಮುಂಡಮ್ಮ.

ಚಿಕ್ಕಬೀರಮ್ಮ ಗಂಟಲು ಸರಿಮಾಡಿಕೊಂಡು ಓದಿದಳು. “ನಮ್ಮನೆಯವ್ರು ತೋಟಕ್ಕೆ ಹೋದ.” ಒಂದು ಕೆಂಪು, ಮಿಕ್ಕದ್ದು ಹಸಿರು. “ನಮ್ಮನೆಯವ್ರು ಹಲಸಿನ ಮರ ಹತ್ತಿದ. ನಮ್ಮನೆಯವ್ರು ಹಣ್ಣು ಕದ್ದ. ನಮ್ಮನೆಯವ್ರ ಚಡ್ಡಿ ಕೊಂಬೆಗೆ ಸಿಕ್ಕಿಕೊಂಡಿತು.”

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಹದೇವಯ್ಯ ತನ್ನ ಪಂಚೆ ಮುಟ್ಟಿ ನೋಡಿಕೊಂಡ. ಕಣ್ಣೀರು ಬರುವಂತೆ ನಗುತ್ತಿದ್ದ ಚಾಮುಂಡಮ್ಮ ಇದ್ದಕ್ಕಿದ್ದಂತೆ ನಿಲ್ಲಿಸಿದಳು. “ಅಲ್ಲ ಕಣ್ರವ್ವ, ಓದಾಕ್ ಬರ್ದೆ ಇದ್ರೆ, ಗಂಡನ್ ಹೆಸ್ರು ಎಲ್ಲೆಲ್ಲಿ ಅದೆ ಅಂತ ಇವ್ಳ್ಗೆ ಎಂಗ್ ಗೊತ್ತಾಯ್ತು?”

ಎಲ್ಲರೂ ಟ್ಯಾಬಿನ ಮೇಲೆ ಬಗ್ಗಿದರು. ಆ ಹೆಸರು ಬಿಟ್ಟು ಬೇರೆ ಯಾವುದೂ ಕೆಂಪಾಗಿರಲಿಲ್ಲ. “ದೊಡ್ಡವ್ವ, ನೀವು ಓದ್ತಿದ್ದೀರ!” ಎಂದು ಕಾವ್ಯಶ್ರೀ ಅವಳ ಕೈ ಹಿಡಿದುಕೊಂಡಳು.

ಮಹದೇವಯ್ಯ ಸೋಲುವ ಜಾತಿಯವನಲ್ಲ. “ಅವೆಲ್ಲಾ ನಡ್ಯಾಕಿಲ್ಲ. ಪೂರಾ ಹಸ್ರು ಅಂದಿವ್ನಿ. ಕೆಂಪದೆ ಅಲ್ವಾ? ನಾಳೆ ಕಾಫಿಗೆ ಸಕ್ಕರೆ ವಸಿ ಮುಂದಾಗಿರ್ಲಿ” ಎಂದು ಹಲ್ಲು ಬಿಟ್ಟ.

ಆ ಹಲ್ಲು ಕಂಡದ್ದೇ ಚಿಕ್ಕಬೀರಮ್ಮನಿಗೆ ರೇಗಿಹೋಯಿತು. “ಏಳುಮಲೆ ಸ್ವಾಮಿ, ತಪ್ಪಾದ್ರೆ ಹೊಟ್ಟೆಗಾಕ್ಕೊ” ಎಂದು ಗಲ್ಲ ಬಡಿದುಕೊಂಡು, ಕಥೆಯನ್ನು ಮೊದಲಿನಿಂದ ತೆಗೆಸಿದಳು. ಟ್ಯಾಬು ಕಲಿಸಿಕೊಟ್ಟ ಉಸಿರನ್ನೆಲ್ಲ ಒಟ್ಟುಮಾಡಿ ಓದಿದಳು.

“ಮಹದೇವ!”

“ಆಂ?” ಎಂದ ಬಾಗಿಲಲ್ಲಿದ್ದವನು, ಬಾಯಿ ತಪ್ಪಿ.

ಚಿಕ್ಕಬೀರಮ್ಮ ತಲೆ ಎತ್ತಲಿಲ್ಲ. ಮಹದೇವ ಮರ ಹತ್ತಿದ, ಮಹದೇವ ಕದ್ದ, ಮಹದೇವನ ಚಡ್ಡಿ ಸಿಕ್ಕಿಕೊಂಡಿತು. ಒಂದು ಪದವೂ ಕೆಂಪಾಗಲಿಲ್ಲ. ಕಥೆ ಮುಗಿಸಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಮಹದೇವಯ್ಯ ಕಾಫಿ ತಂದು ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತ. ಚಿಕ್ಕಬೀರಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಆಮೇಲೆ ಪೇಪರು ಬಿಚ್ಚಿ, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. “ಇಕಳಿ, ಬರ್ದವ್ರೆ. ಹಂಪಾಪುರದ ತಾವ ಮಹದೇವ ಅನ್ನೋ ಗಂಡ್ಸು ಕಾಫಿಗೆ ಸಕ್ಕರೆ ಹಾಕಾದ್ನೇ ಮರ್ತವ್ನಂತೆ.”

ಅಂಥ ಸುದ್ದಿ ಆ ಪೇಪರಿನ ಯಾವ ಪುಟದಲ್ಲೂ ಇಲ್ಲವೆಂದು ಮಹದೇವಯ್ಯನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವನು ಒಂದು ಚೂರು ಹತ್ತಿರ ಸರಿದು ಕಿವಿ ಕೊಟ್ಟ.

“ಆ ಹೆಸ್ರು ಸರ್ಯಾಗ್ ಕೇಳಿಸ್ನಿಲ್ಲ ಕಣಮ್ಮಿ” ಎಂದ. “ಇನ್ನೊಂದ್ ಸಲ ಓದು.”