ಅಕ್ಕ ಕೊಟ್ಟ ಮದ್ದು

ಹುಡುಗರಿಂದ ಮಗ್ಗಿ ಹೇಳಿಸುತ್ತಿದ್ದೆ. ಹೊರಗೆ ಸುಡುಬಿಸಿಲು. ಇದ್ದಕ್ಕಿದ್ದಂತೆ ಹಲ್ಲು ಕಟಕಟ ಅಂದವು. ಬೆತ್ತ ಕೈಯಿಂದ ಜಾರಿತು.

"ಮಲೇರಿಯಾ," ಎಂದರು ಸರಗೂರಿನ ಡಿಸ್ಪೆನ್ಸರಿಯ ಡಾಕ್ಟರು. "ಕ್ವಿನೈನ್ ಮಿಕ್ಸ್ಚರ್ ಕೊಡ್ತೀನಿ ಮೇಷ್ಟ್ರೇ. ಕಹಿ ಅಂತ ಬಿಡಬೇಡಿ."

ಹೆಂಡತಿ ಹೆರಿಗೆಗೆಂದು ಸಾಲಿಗ್ರಾಮದ ತವರಿಗೆ ಹೋಗಿದ್ದಳು. ಸುದ್ದಿ ತಿಳಿದು ಕಟ್ಟೆಮಳಲವಾಡಿಯಿಂದ ಅಕ್ಕ ಬಂದಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಜಿ ಕಾಯಿಸಿದಳು, ವಾಂತಿ ಬಳಿದಳು, ಹೊತ್ತು ಹೊತ್ತಿಗೆ ಲೋಟ ಹಿಡಿದು ಬಂದು "ಮದ್ದು ಕುಡಿ ಕಣ್ಲಾ" ಎಂದು ಗದರಿದಳು.

ಜ್ವರ ಇಳಿದಿದ್ದ ಒಂದು ದಿನ ನನ್ನ ಟ್ರಂಕಿನಿಂದ ಹಳೆಯ ಪತ್ತೇದಾರಿ ಪುಸ್ತಕಗಳನ್ನು ಅವಳೇ ತೆಗೆದಳು. ಎಲ್ಲದರಲ್ಲೂ ಒಬ್ಬನೇ ಪತ್ತೇದಾರ, ಪುಸ್ತಕಕ್ಕೊಂದು ಕೊಲೆ. ಹುಡುಗನಾಗಿದ್ದಾಗ ಅವಳು ರಾಗಿ ಬೀಸುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಅವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅರ್ಧ ಪುಸ್ತಕಕ್ಕೇ ಅಕ್ಕ ಬೀಸುವುದನ್ನು ನಿಲ್ಲಿಸಿ, "ಆ ಭಾವಮೈದನೇ ಕಣ್ಲಾ ಕೊಂದಿರೋದು" ಅನ್ನುವಳು. ಕೊನೆಗೆ ನೋಡಿದರೆ ಅವನೇ! ನನಗೆ ಹೊಟ್ಟೆ ಉರಿಯುತ್ತಿತ್ತು. ಮೇಷ್ಟ್ರಾದ ಮೇಲೆ ಅವನ್ನು ಮುಟ್ಟಿರಲಿಲ್ಲ. ಮರ್ಯಾದಸ್ಥರು ಓದುವಂಥದ್ದಲ್ಲ ಎಂಬ ಜಂಬ. ಕೊಂಡು ತಂದು ಓದದೇ ಬಿಟ್ಟದ್ದು ಒಂದು ಉಳಿದಿತ್ತು.

"ಓದ್ಲಾ, ನಾನೂ ಕೇಳ್ತೀನಿ, ಬ್ಯಾಸರ ಕಳೀತದೆ."

ಓದಿದೆ. ಎಷ್ಟೋ ವರ್ಷದ ಮೇಲೆ ಅದೇ ಪತ್ತೇದಾರ, ಸುಳಿವು ಸಿಕ್ಕಾಗಲೆಲ್ಲ ಅವನು ಕೆಮ್ಮುವ ಅದೇ ಒಣಕೆಮ್ಮು. ಎಂಥ ಖುಷಿ! ಈ ಕಥೆಯಲ್ಲಿ ಒಬ್ಬ ಜಮೀನ್ದಾರನಿಗೆ ಕಿವಿ ಗುಂಯ್‌ಗುಡುತ್ತದೆ, ಕೈ ನಡುಗುತ್ತದೆ. ದಿನವೂ ಕಷಾಯ ಕೊಡುವ ಮನೆಯವರ ಮೇಲೇ ಪತ್ತೇದಾರನಿಗೆ ಅನುಮಾನ. ಅರ್ಧಕ್ಕೆ ಬಂದಾಗ ನನಗೆ ಮತ್ತೆ ಚಳಿ, ಅದರ ಹಿಂದೆಯೇ ಜ್ವರ. ನನ್ನ ಕಿವಿಯೂ ಗುಂಯ್‌ಗುಟ್ಟಿತು. ಅಕ್ಕ ಲೋಟ ತಂದಳು. ನನ್ನನ್ನು ನೋಡಲು ಬಂದ ಪಕ್ಕದ ಮನೆಯ ನಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು.

"ಇವ್ಳು ನಂಗೆ ಮದ್ದು ಆಕ್ತಾವ್ಳೆ!" ಎಂದು ಕಿರುಚಿದೆ.

ನಮ್ಮ ಕಡೆ ಮದ್ದು ಕೊಡುವುದೇ ಬೇರೆ, ಮದ್ದು ಹಾಕುವುದೇ ಬೇರೆ. ಮದ್ದು ಹಾಕುವವಳು ಅಂದರೆ ಅನ್ನದಲ್ಲಿ ವಿಷ ಬೆರೆಸುವವಳು. ಆ ಹೆಸರು ಒಮ್ಮೆ ಅಂಟಿದರೆ ಅವಳ ಕೈಯ ನೀರನ್ನೂ ಯಾರೂ ಮುಟ್ಟುವುದಿಲ್ಲ.

ಜ್ವರ ಬಿಟ್ಟ ಮೇಲೆ ಇದನ್ನು ಹೇಳಿದಾಗ ಡಾಕ್ಟರು ನಕ್ಕುಬಿಟ್ಟರು. "ಕಿವಿ ಗುಂಯ್ ಅನ್ನೋದು ಕ್ವಿನೈನಿಂದ ಮೇಷ್ಟ್ರೇ. ಜ್ವರದಲ್ಲಿ ಬಡಬಡಿಸೋದೂ ಇದ್ದದ್ದೇ." ನನಗೆ ನಗು ಬರಲಿಲ್ಲ. ಜ್ವರ ಕೂಗಿಸಿತು, ಸರಿ. ಅಕ್ಕನ ಮೇಲೆ ಅಂಥ ಮಾತು ನನ್ನ ಬಾಯಿಗೆ ಬಂತಲ್ಲ! ಥೂ, ನಾಚಿಕೆಯಿಂದ ಹಿಡಿಯಷ್ಟಾದೆ. ಅಷ್ಟರಲ್ಲಿ ನಿಂಗಮ್ಮ, ಅಕ್ಕ ಕೊಟ್ಟ ಮಜ್ಜಿಗೆಯನ್ನು ಶೀತ ಎಂದು ನೆಪ ಹೇಳಿ ವಾಪಸ್ಸು ಕಳಿಸಿದ್ದಳು.

ಅಕ್ಕ ಮಿಕ್ಸ್ಚರ್ ತಂದಾಗ ಮೊದಲ ಗುಟುಕು ತಾನೇ ಕುಡಿದಳು. ಮುಖ ಕಿವುಚಿ ಲೋಟ ಚಾಚಿದಳು.

"ಔಸ್ತಿ ಕುಡಿ."

ಮದ್ದು ಅನ್ನಲಿಲ್ಲ.

ಅವಳ ಕಾಲು ಹಿಡಿದೆ. "ತಪ್ಪಾಯ್ತು ಕಣಕ್ಕ."

"ಬುಡ್ಲಾ, ಜರ್ದಲ್ಲಿ ಅಂದೆ," ಎಂದು ಕಾಲು ಎಳೆದುಕೊಂಡಳು. ಆದರೂ ಮೊದಲ ಗುಟುಕು ಕುಡಿಯುವುದನ್ನು ಬಿಡಲಿಲ್ಲ.

ಎದ್ದು ಕೂರುವಂತಾದ ದಿನ ಜಗಲಿಗೆ ಬಂದು, ಬೀದಿಗೆಲ್ಲ ಕೇಳಿಸುವ ಹಾಗೆ, "ಅಕ್ಕಾ, ನಿನ್ ಕೈಯಾರೆ ಒಂದು ತುತ್ತು ತಿನ್ನಿಸು" ಎಂದು ಕೂಗಿದೆ. ಮೀಸೆ ಹೊತ್ತ ಮೇಷ್ಟ್ರು ಬಾಯಿ ತೆರೆದು ಕೂತದ್ದನ್ನು ಊರೇ ನೋಡಿತು. ನೋಡಲಿ. ನಿಂಗಮ್ಮ ನೋಡಿದರೆ ಸಾಕಿತ್ತು. ಸಂಜೆ ಅವಳು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಅಕ್ಕ ಚೆಂಬಿನ ತುಂಬ ಕೊಟ್ಟಳು. ನನಗೆ ಅಳುವೇ ಬಂತು.

ಅವಳ ಕೈಯಿಂದ ನಾನು ಬದುಕಿದೆ. ಊರು ಅವಳನ್ನು ದೂರ ಇಡಲಿಲ್ಲ. ಅದೇ ನನ್ನ ಪುಣ್ಯ.

ಉಳಿದ ಅರ್ಧ ಪುಸ್ತಕವನ್ನೂ ಅವಳೇ ತಂದು ಮುಂದಿಟ್ಟಳು. ಅವಳಿಗೆ ಕೇಳುವಂತೆ ಓದುತ್ತಾ ಹೋಗಿ, ಕೊನೆಯ ಅಧ್ಯಾಯಕ್ಕೆ ಮುಂಚೆ ನಿಲ್ಲಿಸಿ, ಹಳೆಯ ಆಸೆಯಿಂದ ಕೇಳಿದೆ: "ಕೊಂದೋರು ಯಾರು, ಯೋಳಕ್ಕ?"

ಅವಳಿಗೆ ಗೊತ್ತಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು.

"ನನ್ ಕೇಳ್ಬ್ಯಾಡ ಕಣ್ಲಾ. ಸುಮ್ಸುಮ್ಕೆ ಯಾರ್ ಮ್ಯಾಲೂ ಕೆಟ್ಟೆಸ್ರು ಆಕ್ಬಾರ್ದು. ನೀನೇ ಓದು."

ತಲೆ ಎತ್ತದೆ ಓದಿದೆ.